ರೇಣವ್ವ ತುಂಬಿದ ತೋಟಾ

ಅಮಸಿದ್ದಪ್ಪನ ಕಣ್ಣಿಗೆ ಪೊರೆ ಬಂದಿದೆ ಎಂದು ಮನೆಯಲ್ಲಿ ಮೊದಲು ತಿಳಿದದ್ದು ಸೊಸೆ ರೇಣವ್ವನಿಗೆ. ಒಂದು ಮಧ್ಯಾಹ್ನ ಊಟಕ್ಕೆ ಕೂತ ಮುದುಕ ರೊಟ್ಟಿ ಮುರಿದು, ತಾಟಿನಲ್ಲಿದ್ದ ಪುಂಡಿಪಲ್ಯ ಬಿಟ್ಟು ಬರಿ ನೆಲಕ್ಕೆ ಅದ್ದಿದ. ಅತ್ತೆ ಬೋರವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಗಂಡ ಹನಮಪ್ಪ ಉಂಡೆದ್ದು ಅಂಗೈಯಲ್ಲಿ ತಂಬಾಕು ತಿಕ್ಕುತ್ತಿದ್ದ. ರೇಣವ್ವ ತಾಟನ್ನು ಮಾವನ ಕೈಗೆ ಹತ್ತುವ ಹಾಗೆ ಸರಿಸಿದಳು.

"ನೀ ನೋಡಿದೇನು?" ಎಂದ ಮುದುಕ ಮೆಲ್ಲಗೆ.

"ನೋಡಿದ್ನಿರಿ, ಮಾವಾರ."

"ಯಾರಿಗೂ ಹೇಳಬ್ಯಾಡ."

ಅವರ ಮನೆ ಕೆರೂರಿನ ಹೊರಗೆ, ಬಾದಾಮಿ ರಸ್ತೆಗೆ ಹತ್ತಿಕೊಂಡು ಇತ್ತು. ನಾಲ್ಕು ಎಕರೆ ಹೊಲ, ಎರಡು ಎಮ್ಮೆ, ಇಪ್ಪತ್ತು ಕುರಿ. ಅಮಸಿದ್ದಪ್ಪ ಹದಿನೇಳು ವರ್ಷ ಮಿಲಿಟರಿಯಲ್ಲಿದ್ದು ಬಂದವನು. ಬಂದ ಮೇಲೆ ಬೆಳೆ ಕಾಯಲಿಕ್ಕೆಂದು ಒಂದು ನಳಿಗೆಯ ಬಂದೂಕಿಗೆ ಲೈಸನ್ಸ್ ಮಾಡಿಸಿಕೊಂಡಿದ್ದ. ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಗುಡ್ಡದಿಂದ ಅಡವಿಹಂದಿ ಇಳಿದು ಒಂದೇ ರಾತ್ರಿಯಲ್ಲಿ ಅರ್ಧ ಎಕರೆ ಕೆದರಿ ಹೋಗುತ್ತಿದ್ದವು. ಬಂದೂಕಿಗೆ ಹಾಕುವ ಕಂಪನಿಯ ತೋಟಾ ಬೇಕೆಂದರೆ ಬಿಜಾಪುರಕ್ಕೆ ಹೋಗಬೇಕು, ಬೆಲೆಯೂ ಹೆಚ್ಚು. ಅದಕ್ಕೆ ಮುದುಕ ಒಮ್ಮೆ ಹಾರಿಸಿದ ತೋಟಾದ ಖಾಲಿ ಕೊಳವೆ ಎತ್ತಿಟ್ಟು, ಅದಕ್ಕೆ ಹೊಸದಾಗಿ ಮದ್ದು, ಸಣ್ಣ ಸೀಸದ ಗುಂಡಿನ ಛರಿ ತುಂಬಿ, ಬಾಯಿ ಮುಚ್ಚಿ ಮತ್ತೆ ಹಾರಿಸುತ್ತಿದ್ದ. ವರ್ಷಕ್ಕೆ ಹತ್ತೋ ಹನ್ನೆರಡೋ, ಅಷ್ಟೆ. ಕಣ್ಣು ಮಂಜಾದ ಮೇಲೆ ಆ ಕೆಲಸಕ್ಕೆ ಸೊಸೆಯನ್ನು ಪಕ್ಕಕ್ಕೆ ಕೂಡಿಸಿಕೊಂಡ.

"ಮಗಾ ಇರಬೇಕಾದ್ರ ಸೊಸಿಗಿ ಯಾಕ ಕಲಸ್ತೀರಿ?" ಎಂದಳು ಬೋರವ್ವ.

"ನಿನ್ನ ಮಗಗ ತಾಳ್ಮಿಲ್ಲ. ಇದು ಗಡಬಡಿ ಮಾಡೋ ಕೆಲಸಲ್ಲ. ಈಕಿ ಕೈ ನೋಡು, ಹಾಲು ಅಳದಂಗ ಅಳೀತಾಳ."

ರೇಣವ್ವನಿಗೆ ಆ ಮಾತು ಹಿತವಾಯಿತು. ಆ ಮನೆಗೆ ಬಂದು ಎಂಟು ವರ್ಷವಾಗಿತ್ತು. ಐದು ವರ್ಷದ ಮಗಳು ಲಕ್ಕವ್ವ ಇದ್ದಳು. ರೊಟ್ಟಿ ತಟ್ಟಿದ್ದಕ್ಕೆ, ಹೆಂಡಿ ಬಳಿದದ್ದಕ್ಕೆ, ಕಳೆ ಕಿತ್ತದ್ದಕ್ಕೆ ಯಾರೂ ಅವಳನ್ನು ಹೊಗಳಿದ್ದಿಲ್ಲ. ಮುದುಕ ಹೇಳಿಕೊಟ್ಟದ್ದನ್ನೆಲ್ಲ ಅವಳು ಕಲಿತಳು. ಅವನು ಒಂದು ಮಾತನ್ನು ಮಾತ್ರ ಪ್ರತಿ ಸಲವೂ ಹೇಳುತ್ತಿದ್ದ:

"ಈ ಬಂದೂಕ ನನಗ ಗೊತ್ತೈತಿ, ಇದರ ನಳಿಗಿ ಗೊತ್ತೈತಿ, ಮದ್ದು ಎಲ್ಲಿಂದ ಬಂತು ಗೊತ್ತೈತಿ. ಮಂದಿ ಬಂದೂಕ ನನಗ ಗೊತ್ತಿಲ್ಲ. ಅದಕ್ಕ ಮಂದಿಗಿ ನಾ ಒಂದೂ ಕೊಡೂದಿಲ್ಲ."

ಎಪ್ಪತ್ತೆಂಟರ ಬೇಸಿಗೆಯಲ್ಲಿ ಹನಮಪ್ಪ ಕುರಿ ಮಾರಲು ಹುನಗುಂದದ ಕಡೆ ಹೋಗಿದ್ದಾಗ, ಅಲ್ಲಿಯ ಪರಿಚಯದವರೊಬ್ಬರಿಗೆ ಮನೆಯ ಮೂರು ತೋಟಾ ಕೊಟ್ಟು ಬಂದ. ಅವರು ಮತ್ತೆ ಕೇಳಿ ಕಳಿಸಿದರು. ಆಮೇಲೆ ಇಳಕಲ್ಲಿನಿಂದಲೂ ಒಬ್ಬ ಬಂದ. ಹನಮಪ್ಪ ಖಾಲಿ ಕೊಳವೆಗಳನ್ನು ಅವರಿಂದಲೇ ತರತೊಡಗಿದ. ಮುದುಕ ಮಧ್ಯಾಹ್ನ ಬೀರಪ್ಪನ ಗುಡಿಯ ಕಟ್ಟೆಗೆ ಹೋಗಿ ಕೂಡುತ್ತಿದ್ದ. ಅದೇ ಹೊತ್ತಿಗೆ ರೇಣವ್ವ ಒಳಗಿನ ಕೋಣೆಯಲ್ಲಿ ಕೂತು ತುಂಬುತ್ತಿದ್ದಳು.

"ಮಾವಾರಿಗೆ ತಿಳದ್ರ?" ಎಂದಳು ಮೊದಲ ದಿನ.

"ಯಾರು ಹೇಳ್ತಾರ? ಕಳವು ಮಾಡಾಕತ್ತೇವೇನು ನಾವು? ಹೊಲಾ ಕಾಯೋರಿಗಿ ಕೊಡಾಕತ್ತೇವಿ."

ತಿಂಗಳೊಪ್ಪತ್ತಿನಲ್ಲಿ ಮನೆಗೆ ಒಂದು ಸೀಮೆಎಣ್ಣೆ ಸ್ಟೋ ಬಂತು. ಬೋರವ್ವನಿಗೆ ಇಳಕಲ್ಲ ಸೀರೆ ಬಂತು, ಕೆಂಪು ಸೆರಗಿನದು. ಬೋರವ್ವ ಅದನ್ನು ಮೂಸಿ ನೋಡಿ, ಮಡಚಿ ಪೆಟ್ಟಿಗೆಯಲ್ಲಿಟ್ಟಳು. ಅಂದಿನಿಂದ ಮಧ್ಯಾಹ್ನ ಯಾರಾದರೂ ಬಾಗಿಲಿಗೆ ಬಂದರೆ ಅವಳೇ ಹೊರಗೆ ಕೂತು ಮಾತಾಡಿಸಿ ಕಳಿಸುತ್ತಿದ್ದಳು.

ಮುದುಕನ ಕಣ್ಣು ಕಾಣದಿದ್ದರೂ ಮೂಗು ಚುರುಕಾಗಿತ್ತು.

"ಈ ಎಣ್ಣಿ ವಾಸನಿ ಎಲ್ಲಿಂದ?"

"ಸ್ಟೋ ತಂದೀವಿ" ಎಂದಳು ಬೋರವ್ವ.

"ಯಾವ ರೊಕ್ಕದಾಗ?"

ಮುದುಕ ಎದ್ದು, ಗೋಡೆ ಹಿಡಿದುಕೊಂಡು ಒಳಕೋಣೆಗೆ ಹೋದ. ಮೂಲೆಯ ಡಬ್ಬಿಯಲ್ಲಿ ಕೈಯಾಡಿಸಿದ. ಅವನು ಎತ್ತಿಟ್ಟ ಕೊಳವೆ ಹನ್ನೊಂದು. ಕೈಗೆ ಹತ್ತಿದ್ದು ನಲವತ್ತಕ್ಕೂ ಮಿಕ್ಕಿ. ಅವನು ಹೊರಗೆ ಬಂದಾಗ ಹನಮಪ್ಪ ಎಮ್ಮೆಗೆ ನೀರು ಕುಡಿಸಿ ಒಳಗೆ ಬರುತ್ತಿದ್ದ.

"ಮಾರಾಕತ್ತೀ ಏನು?"

"ಮಾರಿದ್ರ ಏನಾತು? ಮಂದಿ ಕೇಳ್ತಾರ, ಕೊಡ್ತೇನಿ."

"ಲೇ, ನನ್ನ ಹಂತ್ಯಾಕ ಇರೋದು ಬಂದೂಕ ಇಟಗೊಳ್ಳೋ ಲೈಸನ್ಸ್. ತೋಟಾ ಮಾಡಿ ಮಾರೋ ಲೈಸನ್ಸ್ ಅಲ್ಲ. ಹಿಡದ್ರ ಬೇಡಿ ಹಾಕ್ತಾರ."

"ಯಾರು ಹಿಡೀತಾರ? ಕೇಳೋರ್ಯಾರದಾರ ಇಲ್ಲೆ?"

"ಹಿಡಿಯೋದು ಹೋಗಲಿ. ಯಾರದೋ ತುಕ್ಕು ಹಿಡದ ನಳಿಗಿ, ಯಾರದೋ ಮದ್ದು. ಒಡೀತು ಅಂದ್ರ ಹಾರಸಾಂವನ ಮಾರಿ ಮುಂದ ಒಡೀತೈತಿ. ನಾ ನೋಡೀನಿ. ಮಿಲಿಟರ್‍ಯಾಗ ನನ್ನ ಮಗ್ಗಲಾಗ ಇದ್ದಾಂವಂದ ಗದ್ದ ಹಾರಿ ಹೋತು."

ಮುದುಕ ಆಮೇಲೆ ಸೊಸೆಯ ಕಡೆ ಮುಖ ತಿರುಗಿಸಿದ. ಅವಳು ಎಲ್ಲಿ ನಿಂತಿದ್ದಾಳೆಂದು ಅವನಿಗೆ ಸರಿಯಾಗಿ ಗೊತ್ತಾಗಲಿಲ್ಲ. ಬಾಗಿಲಿಗೆ ಹೇಳಿದ ಹಾಗೆ ಹೇಳಿದ:

"ನಿನಗ ಯಾಕ ಕಲಸಿದ್ನ್ಯೋ ತಂಗಿ."

ಎರಡು ವಾರ ತುಂಬುವ ಕೆಲಸ ನಿಂತಿತು. ಮುದುಕ ಮಗನ ಜೊತೆ ಮಾತು ಬಿಟ್ಟ. ಊಟಕ್ಕೆ ಇಬ್ಬರೂ ಬೇರೆ ಬೇರೆ ಹೊತ್ತಿಗೆ ಕೂತರು. ರೇಣವ್ವ ಎರಡು ಸಲ ತಾಟು ಹಚ್ಚಿ, ಎರಡು ಸಲ ತೊಳೆದಳು. ಮೂರನೆಯ ವಾರ ಹನಮಪ್ಪ ಒಂದು ಪೊಟ್ಟಣ ತಂದು ಅವಳ ಮುಂದಿಟ್ಟ.

"ಇದೊಂದು ಸರತಿ ತುಂಬಿಬಿಡು. ಮಾತು ಕೊಟ್ಟು ಬಂದೀನಿ."

ರೇಣವ್ವ ಪೊಟ್ಟಣ ಬಿಚ್ಚಿದಳು. ಮಾವ ತರುತ್ತಿದ್ದ ಮದ್ದು ಕಪ್ಪಗೆ, ಉರುಟುರುಟಾಗಿರುತ್ತಿತ್ತು. ಇದು ಬೂದಿಬಣ್ಣದ್ದು, ಹಿಟ್ಟಿನಂತೆ ನುಣ್ಣಗೆ.

"ಇದು ಬ್ಯಾರೆ ಐತಲ್ರಿ?"

"ಮದ್ದು ಅಂದ್ರ ಮದ್ದ. ಸೋವಿ ಸಿಕ್ತು."

"ಮಾವಾರಿಗೆ ಒಂದು ಮಾತು ಕೇಳೂಣೇನ್ರಿ?"

"ಕೇಳು. ಕೇಳಿ ಇಬ್ಬರೂ ಕೂಡಿ ಉಗಿಸಿಕೊಳ್ಳೂಣು."

ಅವಳು ಕೇಳಲಿಲ್ಲ. ಹಳೆಯ ಅಳತೆಯಲ್ಲೇ ತುಂಬಿದಳು.

ಪಂಚಮಿಗೆ ಅವಳನ್ನು ಕರೆದೊಯ್ಯಲು ತುಳಸಿಗೇರಿಯಿಂದ ತಮ್ಮ ಈರಪ್ಪ ಬಂದ. ರೇಣವ್ವನಿಗೆ ಹನ್ನೆರಡು ವರ್ಷವಿದ್ದಾಗ ತಾಯಿ ಸತ್ತಿದ್ದಳು. ಆಗ ಈರಪ್ಪನಿಗೆ ಆರು. ಅವನಿಗೆ ತಲೆಗೆ ಎರೆದು, ಉಣಿಸಿ, ಸಾಲೆಗೆ ಕಳಿಸಿ ದೊಡ್ಡವನನ್ನಾಗಿ ಮಾಡಿದ್ದು ಅವಳೇ. ಈಗ ಅವನಿಗೆ ಮದುವೆಯಾಗಿ, ರಾಮವ್ವ ಎಂಬ ಹೆಂಡತಿ, ಮಾತು ಕಲಿಯುತ್ತಿರುವ ಒಬ್ಬ ಮಗ ಇದ್ದರು. ಹೋದ ವರ್ಷ ತಂದೆ ತೀರಿಕೊಂಡ ಮೇಲೆ ತಂದೆಯ ಬಂದೂಕು, ಅದರ ಲೈಸನ್ಸ್ ಅವನ ಹೆಸರಿಗೆ ಬಂದಿದ್ದವು.

ಶೇಂಗಾ ಉಂಡಿ, ಎಳ್ಳುಂಡಿ ತಾಟಿನಲ್ಲಿಟ್ಟು ಕೊಟ್ಟಾಗ ಈರಪ್ಪ ನಕ್ಕ.

"ಯಕ್ಕಾ, ನಿಮ್ಮ ಮನಿ ತೋಟಾದ ಹೆಸರು ನಮ್ಮೂರತನಾ ಬಂದೈತಿ. ನನಗ ಹತ್ತು ಕೊಡು. ಹಂದಿ ಭಾಳ ಆಗ್ಯಾವ."

"ಆ ಹಳೇ ಬಂದೂಕ ಹಾರಸ್ತಿ ನೀನು?"

"ಅಪ್ಪ ಹಾರಸತಿದ್ದಿಲ್ಲೇನು?"

ತಮ್ಮನಿಗೆ ಇಲ್ಲ ಅನ್ನಲು ಅವಳಿಗೆ ಬಾಯಿ ಬರಲಿಲ್ಲ. ಹೊಸದಾಗಿ ತುಂಬಿದವುಗಳಲ್ಲೇ ಹತ್ತನ್ನು ತನ್ನ ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿ, ಉಂಡಿಯ ಡಬ್ಬಿಯ ಕೆಳಗಿಟ್ಟುಕೊಂಡು ತವರಿಗೆ ಒಯ್ದಳು. ಬಸ್ಸು ಹತ್ತುವ ಮೊದಲು ಹನಮಪ್ಪ ಅಳಿಯತನ ಮರೆತು ಈರಪ್ಪನಿಂದ ರೊಕ್ಕ ಇಸಿದುಕೊಂಡ. ಈರಪ್ಪನೇನೂ ಬೇಜಾರು ಮಾಡಿಕೊಳ್ಳಲಿಲ್ಲ. "ನಿಮಗೂ ಖರ್ಚು ಬಂದಿರತೈತಿ, ಮಾವ" ಎಂದ. ರೇಣವ್ವ ಮಾತ್ರ ತುಳಸಿಗೇರಿ ಮುಟ್ಟುವತನಕ ಕಿಟಕಿಯ ಹೊರಗೆ ನೋಡುತ್ತ ಕೂತಳು.

ತವರಿನಲ್ಲಿ ಗಂಟು ಬಿಚ್ಚಿದವಳು ರಾಮವ್ವ. "ಇದೇನ ಯಕ್ಕಾ, ಉಂಡಿ ಜೋಡಿ ತೋಟಾನೂ ತಂದೀಯಲ್ಲ" ಎಂದು ಇಬ್ಬರೂ ಬಹಳ ಹೊತ್ತು ನಕ್ಕರು.

ಗಣಪತಿ ಹಬ್ಬ ಮುಗಿದು ಹತ್ತು ದಿನವಾಗಿತ್ತು. ರೇಣವ್ವ ಹೊಲದಲ್ಲಿ ಹೆಸರುಕಾಯಿ ಬಿಡಿಸುತ್ತಿದ್ದಾಗ ತುಳಸಿಗೇರಿಯ ಒಬ್ಬ ಹುಡುಕಿಕೊಂಡು ಬಂದ. ಈರಪ್ಪನನ್ನು ಬಾಗಲಕೋಟೆಯ ದವಾಖಾನೆಗೆ ಹಾಕಿದ್ದಾರೆ, ಬಂದೂಕು ಒಡೆದಿದೆ ಎಂದ. ಅವಳು ಉಡಿಯ ಕಾಯಿಗಳನ್ನು ಅಲ್ಲೇ ಸುರುವಿ ಓಡಿದಳು.

ಈರಪ್ಪನ ಎಡಗೈ ಮಣಿಕಟ್ಟಿನಿಂದ ಮುಂದೆ ಇರಲಿಲ್ಲ. ಕುತ್ತಿಗೆ, ಗಲ್ಲ, ಒಂದು ಕಣ್ಣು ಬಟ್ಟೆಯಲ್ಲಿ ಮುಚ್ಚಿದ್ದವು. ರಾಮವ್ವ ಮಂಚದ ಕಾಲಿಗೆ ಆತುಕೊಂಡು ನೆಲದ ಮೇಲೆ ಕೂತಿದ್ದಳು. ಮಗು ಅವಳ ಮಡಿಲಲ್ಲಿ ನಿದ್ದೆ ಮಾಡಿತ್ತು. ರೇಣವ್ವ ತಮ್ಮನ ಇದ್ದ ಕೈ ಹಿಡಿದುಕೊಂಡಳು. ಸುಡುತ್ತಿತ್ತು.

"ಯಾವ ತೋಟಾ?" ಎಂದಳು.

ಈರಪ್ಪ ಕಣ್ಣು ತೆರೆದು ಅವಳನ್ನೇ ನೋಡಿದ. ಅವಳಿಗೆ ಉತ್ತರ ಬೇಕಿರಲಿಲ್ಲ.

ಆ ಹೊತ್ತಿಗೆ ಹವಾಲ್ದಾರ ಗುರಲಿಂಗಪ್ಪ ಕಾಗದ ಹಿಡಿದುಕೊಂಡು ಬಂದ. ವಯಸ್ಸಾದ, ಸಮಾಧಾನದ ಮನುಷ್ಯ. ಸ್ಟೂಲು ಎಳೆದುಕೊಂಡು ಕೂತ.

"ತಮ್ಮಾ, ಹೇಳಿಕೆ ಬರಕೋಬೇಕಾಗೈತಿ. ಒಡದ ತೋಟಾ ಕಂಪನೀದಲ್ಲ, ಕೈಲೆ ತುಂಬಿದ್ದು. ಯಾರು ತುಂಬಿದ್ರು? ಎಲ್ಲಿ ಕೊಂಡಿ?"

ಈರಪ್ಪ ಅಕ್ಕನ ಕಡೆ ನೋಡಿದ. ಅವಳ ಬಾಯಿ ತೆರೆಯಿತು. ಅವಳು ಹೇಳುವಷ್ಟರಲ್ಲಿ ಅವನು ಅವಳ ಬೆರಳುಗಳನ್ನು ಹಿಸುಕಿದ. ಅಷ್ಟು ಶಕ್ತಿ ಅವನಲ್ಲಿ ಎಲ್ಲಿತ್ತೋ.

"ನಾನ ತುಂಬಿದ್ನಿರಿ."

"ನಿನಗ ಬರತಿತ್ತೇನು?"

"ಬರತಿದ್ದಿಲ್ಲರಿ. ಅದಕ್ಕ ಹಿಂಗಾತು."

ಗುರಲಿಂಗಪ್ಪ ಬರೆದುಕೊಂಡ. ಈರಪ್ಪನ ಬಲಗೈ ಹೆಬ್ಬೆಟ್ಟಿಗೆ ಮಸಿ ಹಚ್ಚಿ ಒತ್ತಿಸಿಕೊಂಡ. ರೇಣವ್ವ ಅದೇ ಕೈಯನ್ನು ತನ್ನ ಸೆರಗಿನಿಂದ ಒರೆಸಿದಳು. ರಾಮವ್ವ ನೆಲದಿಂದ ತಲೆಯೆತ್ತಿ ನಾದಿನಿಯನ್ನು ನೋಡಿದಳು.

ನಂಜೇರಿ ನಾಲ್ಕನೆಯ ದಿನ ಈರಪ್ಪ ತೀರಿಕೊಂಡ. ಅವನಿಗೆ ಇಪ್ಪತ್ತಾರು ವರ್ಷ.

ಕೇಸು ಅಲ್ಲಿಗೆ ಮುಗಿಯಿತು ಎಂದರು. ತೋಟಾ ತುಂಬಿದವನೂ ಸತ್ತವನೂ ಒಬ್ಬನೇ. ಹನಮಪ್ಪ ಉಳಿದ ಕೊಳವೆ, ಮದ್ದು ಎಲ್ಲ ಒಯ್ದು ಪಾಳುಬಾವಿಯಲ್ಲಿ ಒಗೆದು ಬಂದ. ಅಂದು ಊಟಕ್ಕೆ ಕೂತು ನಾಲ್ಕು ರೊಟ್ಟಿ ತಿಂದ. ರೇಣವ್ವನಿಗೆ ಅದನ್ನು ನೋಡಲಾಗಲಿಲ್ಲ.

"ನೀ ಒಂದು ತುತ್ತು ಉಣ್ಣು" ಎಂದಳು ಬೋರವ್ವ. "ಅಂವ ಶಾಣ್ಯಾ, ಅಕ್ಕನ ಸಂಸಾರ ಉಳಿಸಿ ಹ್ವಾದ. ಅದನ್ನ ನೀ ಉಳಿಸಿಕೋ."

ತಮ್ಮನ ದಿನಕರ್ಮದ ಊಟಕ್ಕೆ ತುಳಸಿಗೇರಿಗೆ ಹೋದಾಗ ರೇಣವ್ವ ಬಾವಿಯ ಹತ್ತಿರ ಹೆಂಗಸರು ಆಡಿಕೊಳ್ಳುವುದನ್ನು ಕೇಳಿದಳು. ಬಾರದ ಕೆಲಸಕ್ಕೆ ಕೈ ಹಾಕಿದ, ತಿಳಿಗೇಡಿ, ಹೆಂಡತಿ ಮಗುವಿನ ಖಬರಿಲ್ಲದೆ ಸತ್ತ ಎನ್ನುತ್ತಿದ್ದರು. ರಾಮವ್ವ ಹಿತ್ತಿಲಲ್ಲಿ ದೊಡ್ಡ ಬೋಗುಣಿ ತಿಕ್ಕುತ್ತಿದ್ದಳು. ರೇಣವ್ವ ಪಕ್ಕದಲ್ಲಿ ಕೂತು ಬೂದಿ ಎಳೆದುಕೊಂಡಳು.

"ಕೇಳಿದೇನು ಯಕ್ಕಾ, ಅವರು ಅನ್ನೋದನ್ನ?"

"ಕೇಳಿದ್ನಿ."

"ನನ್ನ ಗಂಡ ತಿಳಿಗೇಡಿ ಅಲ್ಲ. ಅದು ನನಗೂ ಗೊತ್ತೈತಿ, ನಿನಗೂ ಗೊತ್ತೈತಿ. ಊರಿಗಿ ಗೊತ್ತಿಲ್ಲ. ನಾಳೆ ಈ ಕೂಸಿಗೂ ಊರು ಅದನ್ನ ಹೇಳತೈತಿ."

"ನೀ ಯಾಕ ಹೇಳಲಿಲ್ಲ, ರಾಮೀ?"

"ಸಾಯೋ ಗಂಡ ಮುಚ್ಚಿಟ್ಟ ಮಾತು ನಾ ಹೆಂಗ ಬಿಚ್ಚಲಿ?" ರಾಮವ್ವ ಬೋಗುಣಿ ಬೋರಲು ಹಾಕಿದಳು. "ನಿಂದು ನೀ ನೋಡು."

ಕೆರೂರಿಗೆ ಮರಳಿದ ಮರುದಿನ ರೇಣವ್ವ ಮಾವನ ಮುಂದೆ ಕೂತು ಎಲ್ಲ ಹೇಳಿದಳು. ಬೂದಿಬಣ್ಣದ ಮದ್ದು, ಹಳೆಯ ಅಳತೆ, ಸೀರೆಯ ತುಂಡು, ದವಾಖಾನೆಯಲ್ಲಿ ತಮ್ಮ ಬೆರಳು ಹಿಸುಕಿದ್ದು. ಮುದುಕ ಕೊನೆಯವರೆಗೂ ಕೇಳಿದ.

"ಏನ್ ಮಾಡಬೇಕಂತಿ?"

"ಹೋಗಿ ಹೇಳ್ತೇನ್ರಿ."

ಹೊಸ್ತಿಲಲ್ಲಿ ನಿಂತಿದ್ದ ಹನಮಪ್ಪ ಒಳಗೆ ನುಗ್ಗಿದ. "ತೆಲಿ ಕೆಟ್ಟೈತೇನು? ಸತ್ತಾಂವ ತಾನ ಹೇಳಿ ಹೋಗ್ಯಾನ. ಮುಗದ ಕೇಸ ಎಬ್ಬಿಸಿ ನನ್ನ ಜೇಲಿಗಿ ಕಳಸ್ತಿ?"

"ನಾನೂ ಬರ್ತೇನಿರಿ ಜೇಲಿಗಿ."

"ಮಗಳ್ನ ಯಾರು ನೋಡ್ತಾರ?"

"ಲಕ್ಕವ್ವಗ ನಾವೆಲ್ಲಾ ಅದೇವಿ. ಈರಪ್ಪನ ಕೂಸಿಗಿ ಅಪ್ಪನ ಹೆಸರೊಂದ ಉಳದೈತಿ."

ಬೋರವ್ವ ಎದೆ ಬಡಿದುಕೊಂಡಳು. "ಸೊಸಿ ಅಲ್ಲ, ಮಾರಿ ಬಂತು ಮನಿಗಿ! ಏನ್ರಿ, ನೀವರೆ ಹೇಳ್ರಿ!"

"ಹೇಳ್ತೇನಿ" ಎಂದ ಅಮಸಿದ್ದಪ್ಪ. "ಕಲಿಸಿದಾಂವ ನಾನು. ಆಕಿ ಹೋದ್ರ ನಾನೂ ಹೋಗ್ತೇನಿ. ಕೋಲು ಕೊಡು."

ಹನಮಪ್ಪ ಹೆಂಡತಿಯ ಕೆನ್ನೆಗೆ ಹೊಡೆದ. ಎಂಟು ವರ್ಷದಲ್ಲಿ ಅದೇ ಮೊದಲ ಸಲ. ಹೊಡೆದು, ಹೊರಗೆ ಹೋಗಿ ಕಟ್ಟೆಯ ಮೇಲೆ ತಲೆ ಹಿಡಿದುಕೊಂಡು ಕೂತ.

ಮಾವ ಸೊಸೆ ಇಬ್ಬರೂ ಮೊದಲು ಬಾಗಲಕೋಟೆಯ ಪಂಢರೀನಾಥ ವಕೀಲರ ಮನೆಗೆ ಹೋದರು. ಲೈಸನ್ಸ್ ಕಾಗದಪತ್ರ ಮಾಡಿಕೊಟ್ಟವರು ಅವರೇ. ವಕೀಲರು ಕೇಳಿ ಕನ್ನಡಕ ತೆಗೆದಿಟ್ಟರು.

"ನೋಡವಾ, ಬಂದೂಕ ಇಟಗೋಳಿಕ್ಕೆ ಲೈಸನ್ಸ್ ಬ್ಯಾರೆ, ತೋಟಾ ತಯಾರ ಮಾಡಿ ಮಾರಲಿಕ್ಕೆ ಬ್ಯಾರೆ. ಎರಡನೇದು ನಿಮ್ಮ ಹತ್ರ ಇಲ್ಲ."

"ತಮ್ಮಗ ಕೊಟ್ಟಿದ್ದರಿ."

"ರೊಕ್ಕಾ ತಗೊಂಡೀರಿಲ್ಲೊ?"

"ತಗೊಂಡಾರ್ರಿ."

"ಮಾರಿದ್ಹಾಂಗಾತು. ರೊಕ್ಕಾ ತಗೋಳದಿದ್ರೂ ಕೊಟ್ಟದ್ದು ತಪ್ಪೇ. ಮ್ಯಾಲ ಒಂದು ಜೀವ ಹೋಗೇದ." ಅವರು ಕನ್ನಡಕ ಮತ್ತೆ ಹಾಕಿಕೊಂಡರು. "ವಕೀಲ ಅಂತ ನಾ ನಿಮಗ ಸುಮ್ಮನಿರ್ರಿ ಅಂತ ಹೇಳಬೇಕು. ಸುಮ್ಮನಿರತೀ ಏನು?"

"ಇಲ್ರಿ."

ವಕೀಲರೂ ಸೇರಿ ಮೂವರೂ ಫೌಜದಾರರ ಕಡೆ ಹೋದರು. ರೇಣವ್ವ ಹೇಳಿದಳು. ಗುರಲಿಂಗಪ್ಪನೇ ಬರೆದುಕೊಂಡ.

"ನನಗ ಅವತ್ತ ಅನುಮಾನ ಬಂದಿತ್ತು, ತಂಗಿ" ಎಂದ. "ಸಾಯೋ ಮನಷ್ಯಾನ್ನ ಎಷ್ಟ ಕೇಳಲಿ?"

ಮರುದಿನ ಹನಮಪ್ಪನನ್ನು ಹಿಡಿದರು. ಪಾಳುಬಾವಿಯಿಂದ ಕೊಳವೆಗಳನ್ನು ತೆಗೆಸಿದರು. ಮುದುಕನ ಬಂದೂಕನ್ನೂ ಲೈಸನ್ಸನ್ನೂ ಒಯ್ದರು. ಜಾಮೀನಿನ ಮೇಲೆ ಬಿಟ್ಟ ಮೇಲೆ ಗಂಡಹೆಂಡಿರು ಅದೇ ಮನೆಯಲ್ಲಿ ಐದು ತಿಂಗಳು ಇದ್ದರು. ರೇಣವ್ವ ತಾಟು ಹಚ್ಚಿಟ್ಟು ಆಚೆ ಸರಿಯುತ್ತಿದ್ದಳು, ಅವನು ಉಂಡೆದ್ದು ಹೋಗುತ್ತಿದ್ದ. ಬೋರವ್ವ ಇಳಕಲ್ಲ ಸೀರೆಯನ್ನು ಒಂದು ದಿನವೂ ಉಡಲಿಲ್ಲ. ಒಮ್ಮೆ ಮಾತ್ರ ಹನಮಪ್ಪ ಎಮ್ಮೆ ಹಿಂಡುತ್ತಿದ್ದ ಹೆಂಡತಿಯ ಹಿಂದೆ ಬಂದು ನಿಂತು, "ಆ ಮದ್ದು ಹಂಗ ಮಾಡತೈತಿ ಅಂತ ನನಗ ಖರೇನ ಗೊತ್ತಿರಲಿಲ್ಲ" ಎಂದ.

"ನನಗ ಗೊತ್ತಾಗಿತ್ರಿ" ಎಂದಳು ರೇಣವ್ವ. "ಬ್ಯಾರೆ ಐತಿ ಅಂತ ಕಣ್ಣಿಗಿ ಕಂಡಿತ್ತು. ಕಂಡೂ ತುಂಬಿದ್ನಿ."

ಬಾದಾಮಿಯ ಕೋರ್ಟಿನಲ್ಲಿ ಇಬ್ಬರೂ ತಪ್ಪು ಒಪ್ಪಿಕೊಂಡರು. ಹನಮಪ್ಪನಿಗೆ ಒಂದು ವರ್ಷ ಶಿಕ್ಷೆಯಾಯಿತು. ರೇಣವ್ವ ತಾನಾಗಿ ಬಂದು ಹೇಳಿದ್ದಾಳೆ, ಸಣ್ಣ ಮಗಳಿದ್ದಾಳೆ ಎಂದು ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ಅವಳಿಗೆ ಅದು ಸಮಾಧಾನ ತರಲಿಲ್ಲ. ಪೊಲೀಸರ ನಡುವೆ ಹೊರಗೆ ಬಂದ ಹನಮಪ್ಪ ಅವಳನ್ನು ದಾಟಿ ಹೋಗಿ, ಮತ್ತೆ ತಿರುಗಿ, "ಅಪ್ಪನ ಕಣ್ಣು ದವಾಖಾನಿಗಿ ತೋರಸು" ಎಂದಷ್ಟೇ ಹೇಳಿ ಹೋದ.

ರಾಮವ್ವ ಮಗನನ್ನು ಎತ್ತಿಕೊಂಡು ಕೋರ್ಟಿನ ಬೇವಿನ ಗಿಡದ ಕೆಳಗೆ ನಿಂತಿದ್ದಳು. ಪಂಢರೀನಾಥ ವಕೀಲರು ಹೊರಗೆ ಬಂದಾಗ ಅವರ ಮುಂದೆ ಹೋದಳು.

"ನನ್ನ ಗಂಡನ ಬಗ್ಗೆ ಏನ್ ಬರದಾರ್ರಿ, ಸಾಹೇಬ್ರ?"

ವಕೀಲರು ಹಾಳೆ ತಿರುವಿದರು. "ಈರಪ್ಪ ತೋಟಾ ತುಂಬಿದವನಲ್ಲ. ಅದರಾಗ ಎಂಥಾ ಮದ್ದು ಇತ್ತು ಅನ್ನೋದು ಅವನಿಗೆ ಗೊತ್ತಿರಲಿಲ್ಲ. ಅವನ ಕಡಿಂದ ಏನೂ ತಪ್ಪಾಗಿಲ್ಲ ಅಂತ ಬರದಾರ."

"ಇನ್ನೊಮ್ಮೆ ಓದ್ರಿ."

ಅವರು ಇನ್ನೊಮ್ಮೆ ಓದಿದರು. ರಾಮವ್ವ ತುಟಿ ಅಲ್ಲಾಡಿಸುತ್ತ ಬಾಯಿಪಾಠ ಮಾಡುವವರಂತೆ ಕೇಳಿದಳು.

ಬಸ್‌ಸ್ಟ್ಯಾಂಡಿನಲ್ಲಿ ಬಾಗಲಕೋಟೆಯ ಬಸ್ಸು ಹೊರಡಲು ನಿಂತಿತ್ತು. ರೇಣವ್ವ ಮಗುವಿಗೆಂದು ತಂದಿದ್ದ ಸಿಹಿ ಮಾದಲಿಯ ಗಂಟು ಹಿಡಿದುಕೊಂಡು ಕಿಟಕಿಯ ಹತ್ತಿರ ಹೋದಳು.

"ರಾಮೀ, ಕೂಸಿಗಿ..."

"ಬ್ಯಾಡ್ರಿ" ಎಂದಳು ರಾಮವ್ವ.

ಮದುವೆಯಾಗಿ ಬಂದ ದಿನದಿಂದ ಅವಳು ರೇಣವ್ವನನ್ನು ನೀ ಎಂದೇ ಕರೆದಿದ್ದಳು.

"ನೀವು ಮಾಡಬೇಕಾದ್ದು ಮಾಡೀರಿ. ಅದನ್ನ ಎಲ್ಲಾರಿಗೂ ಹೇಳ್ತೇನಿ. ಆದ್ರ ನಮ್ಮ ಮನಿಗಿ ಇನ್ನ ಬರಬ್ಯಾಡ್ರಿ. ನಿಮ್ಮ ಕೈ ನೋಡಿದ್ರ ನನಗ ಅವರ ಕೈ ನೆನಪಾಗತೈತಿ."

ಮಗು ಸೋದರತ್ತೆಯ ಗುರುತು ಹಿಡಿದು ನಕ್ಕಿತು. "ಅತ್ತೀ, ಅತ್ತೀ" ಎಂದು ಕಿಟಕಿಯ ಸರಳಿನ ಸಂದಿಯಿಂದ ಕೈ ಹೊರಗೆ ಚಾಚಿತು. ರಾಮವ್ವ ಸಿಟ್ಟು ಮಾಡಲಿಲ್ಲ, ಗದರಿಸಲಿಲ್ಲ. ಆ ಪುಟ್ಟ ಕೈಯನ್ನು ಮೆಲ್ಲಗೆ ಒಳಗೆ ತೆಗೆದುಕೊಂಡು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಬಸ್ಸು ಹೊರಟಿತು.

ಕೆರೂರಿನ ಬಸ್ಸಿಗೆ ಇನ್ನೂ ಒಂದು ತಾಸು ಇತ್ತು. ಅಮಸಿದ್ದಪ್ಪ ಕಲ್ಲಿನ ಮೇಲೆ ಕೂತಿದ್ದ.

"ಕೂಸಿನ ದನಿ ಕೇಳಸ್ತು" ಎಂದ.

"ಹೌದ್ರಿ."

"ನಿನ್ನ ಕರೀತಿತ್ತು."

ರೇಣವ್ವ ಅವನ ಕಾಲ ಬಳಿ ಕುಸಿದು ಕೂತಳು. ತಮ್ಮ ಸತ್ತ ದಿನ ಹೆಣದ ಮುಂದೆ ಉಳಿದ ಹೆಂಗಸರೆಲ್ಲ ಹಾಡಿಕೊಂಡು ಅತ್ತಾಗ ಅವಳ ಬಾಯಿಂದ ಒಂದು ದನಿಯೂ ಹೊರಟಿರಲಿಲ್ಲ. ಅಳುವ ಹಕ್ಕು ತನಗೆಲ್ಲಿದೆ ಎಂದು ಗೋಡೆಗೆ ಆತು ನಿಂತಿದ್ದಳು. ಈಗ, ಬಾದಾಮಿಯ ಬಸ್‌ಸ್ಟ್ಯಾಂಡಿನ ನಡುಹಗಲಿನಲ್ಲಿ, ಬರುವ ಹೋಗುವ ಮಂದಿಯ ಮುಂದೆ, ತಲೆಯ ಮೇಲಿನ ಸೆರಗು ಜಾರಿದ್ದರ ಪರಿವೆಯಿಲ್ಲದೆ, ಅವಳು ಈರಪ್ಪನ ಹೆಸರು ಹಿಡಿದು ದೊಡ್ಡ ದನಿ ತೆಗೆದು ಅತ್ತಳು. ಮುದುಕ ಕೈ ಚಾಚಿ ಹುಡುಕಿ, ಅವಳ ನೆತ್ತಿ ಸಿಕ್ಕ ಮೇಲೆ ಅಲ್ಲೇ ಇಟ್ಟುಕೊಂಡು ಕೂತ.